ಅತ್ತೆಯ ಉಣ್ಣೆ ಕಾರ್ಪೆಟ್ಟು

ನಮ್ಮ ಸೋದರಮಾವನನ್ನು ಮದುವೆಗೆ ಕರೆಯುವವರು ಮೊದಲು ಅವರ ಬೆಂಕಿಪೊಟ್ಟಣ ಕಿತ್ತಿಟ್ಟುಕೊಳ್ಳಬೇಕು. ಅವರು ಬೀಡಿ ಸೇದುವವರಲ್ಲ. ಸೇದಿದ್ದರೆ ಎಷ್ಟೋ ವಾಸಿಯಿತ್ತು! ಭದ್ರಾವತಿಯ ಕಾರ್ಖಾನೆಯೊಂದರ ಪರೀಕ್ಷಾಲಯದಲ್ಲಿದ್ದ ಅವರಿಗೆ ಯಾವ ಬಟ್ಟೆ ಕಂಡರೂ ಒಂದು ಎಳೆ ಕಿತ್ತು, ಸುಟ್ಟು, ಮೂಸಬೇಕು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದದ್ದಾದರೆ ಹತ್ತಿ, ಮೇಣದಬತ್ತಿಯ ವಾಸನೆ ಬಂದು ತುದಿ ಗಂಟುಕಟ್ಟಿದರೆ ಪ್ಲಾಸ್ಟಿಕ್ಕು.

ಶಿವಮೊಗ್ಗದ ವಿದ್ಯಾನಗರದ ಮದುವೆಯೊಂದರಲ್ಲಿ ವೇದಿಕೆಯ ನೆಲಹಾಸಿನ ಎಳೆ ಕಿತ್ತು ಕಡ್ಡಿ ಗೀರಿಯೇಬಿಟ್ಟರು. ವರನ ಕಡೆಯ ಹಿರಿಯರು ಓಡಿಬಂದರು.

"ಬೀಡಿ ಸೇದೋದಾದ್ರೆ ಹೊರಗ್ ಹೋಗಿ ಸ್ವಾಮಿ!"

"ಬೀಡಿ ಅಲ್ಲ ಸಾರ್, ನೈಲಾನು!"

ನಿವೃತ್ತಿಯ ದಿನ ಪಶ್ಮೀನಾ ಉಣ್ಣೆಯದೆಂದು ಹೊದಿಸಿದ ಶಾಲಿನ ಗತಿಯೂ ಅಷ್ಟೆ. ಚಪ್ಪಾಳೆ ನಿಲ್ಲುವ ಮೊದಲೇ ಮಾವ ಮೈಕಿನಲ್ಲಿ ಹೇಳಿದರು: "ಪಾಲಿಯೆಸ್ಟರ್. ಆದರೂ ಧನ್ಯವಾದ."

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಗೌರವವಿತ್ತು. ಕಡ್ಡಿ ಗೀರಿದ ಸದ್ದಾದರೆ ಸಾಕು, ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದರು: "ಏನ್ ಬಂತೂ?"

ಎಂ.ಎಸ್ಸಿ. ಮುಗಿಸಿದ ನಾನು ಪ್ರಯೋಗಾಲಯವೊಂದಕ್ಕೆ ಸೇರಿದೆ. ಹಳೆಯ ಕಾರ್ಪೆಟ್ಟುಗಳ ನೂಲು ಯಾವುದೆಂದು ಮೆಷಿನ್ನಿನಲ್ಲಿ ಗುರುತಿಸುವುದೇ ಕೆಲಸ. ಮಾವ ಕೇಳಿದರು: "ಮೂಗಿಲ್ಲದ ಮೆಷಿನ್ನು ಹೆಂಗ್ ಮೂಸುತ್ತೆ ಮಾರಾಯ್ತಿ?"

"ಮೂಸಲ್ಲ ಮಾವ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತೆ. ಒಂದೊಂದು ನೂಲು ಅದನ್ನ ಒಂದೊಂದು ಥರ ಹೀರುತ್ತೆ. ಗ್ರಾಫ್ ನೋಡಿ ಹೇಳ್ತೀವಿ."

"ಸುಡದೇನೇ?"

"ಸುಡದೇನೇ!"

ಅತ್ತೆಗೆ ಖುಷಿಯಾಯಿತು. ನಡುಮನೆಯಲ್ಲಿದ್ದ ಕೆಂಪು ಕಾರ್ಪೆಟ್ಟು ಮದುವೆಯಾದ ಹೊಸತರಲ್ಲಿ ಅವರೇ ಆರಿಸಿ ತಂದದ್ದು. "ಶುದ್ಧ ಉಣ್ಣೆ ಅಂತ ನಿಮ್ಮಾವ ಅವತ್ತೇ ಹೇಳಿದಾರೆ. ನಿನ್ನ ಮೆಷಿನ್ನೂ ಹೇಳ್ಲಿ, ತಗೊಂಡ್ಹೋಗೇ."

"ಬೇಡ, ಕಾರ್ಪೆಟ್ ಹಾಳಾಗುತ್ತೆ" ಎಂದರು ಮಾವ. ಶಿವಮೊಗ್ಗ, ಭದ್ರಾವತಿಯ ಕಲ್ಯಾಣಮಂಟಪಗಳನ್ನೆಲ್ಲ ಕಿತ್ತು ಸುಟ್ಟವರ ಬಾಯಲ್ಲಿ ಈ ಮಾತೆ! ನಾನು ನಕ್ಕು, ಮೂಲೆಯಿಂದ ಒಂದು ಚಿಟಿಕೆ ಎಳೆ ಕತ್ತರಿಸಿದೆ. ಸಣ್ಣ ಕಪ್ಪು ಗಂಟೊಂದು ಕತ್ತರಿಗೆ ಸಿಕ್ಕಿತು. ಕೊಳೆ ಇರಬೇಕೆಂದು ಬಿಸಾಡಿದೆ. ಕಣ್ಣಿಟ್ಟು ನೋಡುವುದೇ ನನ್ನ ವೃತ್ತಿ!

ಮುಂದಿನ ಸಲ ಬಂದಾಗ ಕಾಫಿ ಕುಡಿಯುತ್ತಾ ಫಲಿತಾಂಶ ಹೇಳಿದೆ. "ಪಾಲಿಪ್ರೊಪಿಲೀನ್."

"ಹಂಗಂದ್ರೆ?" ಎಂದರು ಅತ್ತೆ.

ಕೇಳಿದ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಡಬೇಕೆಂದು ನನಗೆ ಕಲಿಸಿದ್ದರು. "ಗೊಬ್ಬರದ ಚೀಲ ಇರುತ್ತಲ್ಲ ಅತ್ತೆ, ಅದೇ."

"ಮೆಷಿನ್ ತಪ್ಪು!" ಮಾವ ಎದ್ದು ನಿಂತರು.

"ಮೂರು ಸಲ ನೋಡಿದೀನಿ ಮಾವ."

ಅತ್ತೆ ಕಾರ್ಪೆಟ್ಟಿನ ಮೇಲಿದ್ದ ಕಾಲುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

ಶಿವಮೊಗ್ಗದ ಬಸ್ಸು ಹತ್ತಿಸಲು ಮಾವ ಜೊತೆಗೆ ಬಂದರು. ಅವರ ಮೂಗಿನ ಮೊದಲ ಸೋಲು ಎಂದು ನನಗೆ ಒಳಗೊಳಗೇ ಹೆಮ್ಮೆ. ನಿಲ್ದಾಣದಲ್ಲಿ ಅವರೇ ಮಾತೆತ್ತಿದರು.

"ಮೂಲೇಲಿ ಒಂದು ಗಂಟಿತ್ತು, ನೋಡಿದ್ಯಾ? ತಂದ ದಿನಾನೇ ಸುಟ್ಟಿದ್ದೆ. ಮೇಣದಬತ್ತಿ ವಾಸನೆ. ಅವಳು ಬಾಗಿಲಲ್ಲೇ ನಿಂತಿದ್ಲು. ಕೈಯಲ್ಲಿ ಇನ್ನೂ ಕಾರ್ಪೆಟ್ ಸುತ್ತಿದ ಹಗ್ಗ. 'ಏನ್ ಬಂತು?' ಅಂದ್ಲು."

"ನೀವೇನಂದ್ರಿ?"

"ಕೂದಲು ಸುಟ್ಟ ವಾಸನೆ ಅಂದೆ."

ಬಸ್ಸು ಬಂತು. ಕ್ಷಮೆ ಕೇಳದೆಯೇ ಹತ್ತಿ ಕುಳಿತೆ.

ಮಾವ ಈಗಲೂ ಎಳೆ ಸುಡುತ್ತಾರೆ. ಅಡುಗೆಮನೆಯಿಂದ ಯಾರೂ ಕೂಗುವುದಿಲ್ಲ. ಹೋದಾಗಲೆಲ್ಲ ನಾನೇ ಕೇಳುತ್ತೇನೆ: "ಏನ್ ಬಂತು ಮಾವ?"

ಅವರು ಒಮ್ಮೆ ಅಡುಗೆಮನೆಯ ಕಡೆ ನೋಡಿ, ಆಮೇಲೆ ಉತ್ತರ ಹೇಳುತ್ತಾರೆ.