ಎದುರುಮನೆಯ ಏರಿಯಲ್ಲು, ಕೈ ಇರುವ ಕುರ್ಚಿ

ಮನೆಗೆ ಬರುವ ಕರೆಂಟಿಗೆ ಒಂದು ಮರ್ಯಾದೆ ಇದೆ. ತಂತಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಗುತ್ತದೆ. ರೇಡಿಯೋ ಸಿಗ್ನಲ್ಲಿಗೆ ಆ ಮರ್ಯಾದೆ ಇಲ್ಲ. ತಂತಿ ಇದ್ದರೂ ಬಿಟ್ಟು ಹಾರುತ್ತದೆ, ಕರೆಯದಿದ್ದರೂ ಪಕ್ಕದ ತಂತಿಗೆ ಹೋಗಿ ಕೂರುತ್ತದೆ. ಹೀಗಾಗಿ ಅದರ ಜೊತೆ ಕೆಲಸ ಮಾಡುವವರು ಒಂದಲ್ಲ ಒಂದು ದಿನ ನಗೆಪಾಟಲಾಗಲೇಬೇಕು. ನನ್ನ ದುರದೃಷ್ಟವೇನೆಂದರೆ, ಪ್ರತಿ ಸಲವೂ ನಗೆಪಾಟಲು ನನ್ನ ಪಾಲಿಗೆ ಬಂತು, ಹೊಗಳಿಕೆ ಎದುರುಮನೆಯವರ ಪಾಲಿಗೆ ಹೋಯಿತು.

ಯಶವಂತಪುರ ದಾಟಿ ಜಾಲಹಳ್ಳಿಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ವೈರ್‌ಲೆಸ್ ಕಾರ್ಖಾನೆ ಇತ್ತು. ಐವತ್ತರ ದಶಕದ ಕೊನೆಯಲ್ಲಿ ನಾನೂ ಈ ಎದುರುಮನೆಯವರೂ ಒಂದೇ ದಿನ ಅದರ ಟೆಸ್ಟ್ ರೂಮಿಗೆ ಸೇರಿದೆವು. ಒಂದೇ ಡಿಪ್ಲೊಮಾ, ಒಂದೇ ಸಂಬಳ, ಕ್ವಾರ್ಟರ್ಸಿನಲ್ಲಿ ಎದುರುಬದುರು ಮನೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅದರಿಂದಲೂ ಅವರಿಗೇ ಕೀರ್ತಿ.

ಟೆಸ್ಟ್ ರೂಮಿನಲ್ಲಿ ಎಲ್ಲರಿಗೂ ಮರದ ಸ್ಟೂಲು. ರೂಮಿನ ಉಸ್ತುವಾರಿ ನೋಡುವ ಚಾರ್ಜ್‌ಮನ್ ಒಬ್ಬರಿಗೆ ಮಾತ್ರ ಬೆತ್ತ ಹೆಣೆದ, ಎರಡೂ ಕಡೆ ಕೈ ಇರುವ ಕುರ್ಚಿ. ಆ ಚಾರ್ಜ್‌ಮನ್ ಬಡ್ತಿಯಾಗಿ ಬೇರೆ ಕಡೆ ಹೋಗುವವರಿದ್ದರು. ಆ ಕುರ್ಚಿ ನನಗೆ ಬೇಕಿತ್ತು. ನನಗಿಂತ ಹೆಚ್ಚಾಗಿ ನನ್ನ ಹೆಂಡತಿಗೆ ಬೇಕಿತ್ತು. ಸಂಜೆ ಸೈಕಲ್ ನಿಲ್ಲಿಸುವುದಕ್ಕೆ ಮುಂಚೆಯೇ ಕೇಳುತ್ತಿದ್ದಳು, "ಏನ್ರೀ, ಕುರ್ಚಿ ಬಂತಾ?"

ರಂಗೋಲಿ

ಸೇರಿದ ಹೊಸತರಲ್ಲಿ ಫೋರ್‌ಮನ್ ನಮ್ಮಿಬ್ಬರಿಗೂ ಒಂದೇ ನಕ್ಷೆ ಕೊಟ್ಟು, ಇದನ್ನು ಜೋಡಿಸಿ ಎಂದರು. ಒಂದು ವಾಲ್ವು, ತಂತಿ ಸುತ್ತಿದ ಎರಡು ಕಾಯಿಲು, ಒಂದಷ್ಟು ಕಂಡೆನ್ಸರುಗಳು. ನಾನು ಮನಸ್ಸಿಟ್ಟು ಕೂತೆ. ಒಂದೊಂದು ತಂತಿಯನ್ನೂ ಎಳೆದು ನೇರ ಮಾಡಿ, ಮೂಲೆಗಳಲ್ಲಿ ಸರಿಯಾಗಿ ಮಡಿಸಿ, ಅಕ್ಕಪಕ್ಕ ಸಾಲಾಗಿ ಓಡಿಸಿ ಬೆಸುಗೆ ಹಾಕಿದೆ. ಬೇರೆ ರೂಮಿನವರೂ ಬಂದು ನೋಡಿಕೊಂಡು ಹೋದರು.

ಎದುರುಮನೆಯವರ ಕೆಲಸ ಮಾತ್ರ ಸಂಜೆ ಮಾರ್ಕೆಟ್ಟಿನಲ್ಲಿ ಉಳಿದ ತರಕಾರಿ ಗುಡ್ಡೆಯ ಹಾಗಿತ್ತು. ಎಲ್ಲದರ ಕಾಲನ್ನೂ ಗಿಡ್ಡ ಕತ್ತರಿಸಿ, ಒಂದರ ಮೇಲೊಂದು ಹೇರಿ ಅಂಟಿಸಿದ್ದರು. ನನಗೆ ಅಯ್ಯೋ ಪಾಪ ಅನ್ನಿಸಿತು. ಅವರ ಬಗ್ಗೆ ನನಗೆ ಪಾಪ ಅನ್ನಿಸಿದ್ದು ಅದೇ ಮೊದಲು, ಅದೇ ಕೊನೆ.

ಫೋರ್‌ಮನ್ ಸ್ವಿಚ್ ಹಾಕಿದರು. ಗುಡ್ಡೆ ಮೊದಲ ಸಲಕ್ಕೇ ಕೆಲಸ ಮಾಡಿತು. ನನ್ನದು ತುಟಿ ಪಿಟಕ್ ಅನ್ನಲಿಲ್ಲ.

"ನಕ್ಷೇಲಿ ಎಷ್ಟು ಕಾಯಿಲ್ ಇದೆ?" ಎಂದರು ಫೋರ್‌ಮನ್.

"ಎರಡು ಸಾರ್."

"ನೀವು ಇಪ್ಪತ್ತು ಹಾಕಿದೀರಿ. ಇಷ್ಟು ಮೇಲಿನ ಫ್ರೀಕ್ವೆನ್ಸೀಲಿ ಒಂದಿಂಚು ನೇರ ತಂತೀನೂ ಒಂದು ಕಾಯಿಲೇ ಕಣ್ರೀ. ಸಿಗ್ನಲ್ಲು ಒಳಗೆ ಬಂದು, ನಿಮ್ಮ ಬೀದಿಗಳನ್ನೆಲ್ಲ ಸುತ್ತಿ, ದಾರಿ ತಪ್ಪಿ ಕೂತಿದೆ."

"ಸಾರ್, ನೋಡೋಕೆ ಚೆನ್ನಾಗಿರ್ಲಿ ಅಂತ..."

"ತುಂಬಾ ಚೆನ್ನಾಗಿದೆ," ಎಂದರು ಅವರು, ಎರಡನ್ನೂ ಕೈಯಲ್ಲಿ ಹಿಡಿದು. "ಇದನ್ನ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕೋಣ. ಅದನ್ನ ಸೆಟ್ಟಿಗೆ ಹಾಕೋಣ."

ಬಿದಿರು

ಕೆಲಸದಲ್ಲಿ ಆದದ್ದು ಕೆಲಸದಲ್ಲೇ ಮುಗಿಯಲಿಲ್ಲ. ಇಬ್ಬರ ಮನೆಯಲ್ಲೂ ರೇಡಿಯೋ ಇತ್ತು. ಅವರದ್ದರಲ್ಲಿ ದೂರದ ಸ್ಟೇಷನ್ನುಗಳೂ ಎದುರಿಗೆ ಕೂತು ಹಾಡಿದ ಹಾಗೆ ಕೇಳುತ್ತಿದ್ದವು. ನಮ್ಮದರಲ್ಲಿ ಬಾಣಲೆಗೆ ಸಾಸಿವೆ ಹಾಕಿದ ಸದ್ದು, ನಡುನಡುವೆ ಹಾಡು.

"ಅವರ ಮನೇಲಿ ಎಷ್ಟು ಚೆನ್ನಾಗಿ ಬರುತ್ತೆ," ಎಂದಳು ಹೆಂಡತಿ.

ಆ ಒಂದು ಮಾತಿಗೆ ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿತು. ಯಲಹಂಕ ಸಂತೆಗೆ ಹೋಗಿ, ಸಿಕ್ಕಿದ್ದರಲ್ಲಿ ಎತ್ತರದ ಬಿದಿರನ್ನು ಆರಿಸಿ, ಗಾಡಿಯ ಮೇಲೆ ಹಾಕಿಸಿಕೊಂಡು ಬಂದೆ. ಇಡೀ ಕ್ವಾರ್ಟರ್ಸಿನಲ್ಲಿ ಅಷ್ಟೆತ್ತರದ್ದು ಇರಲಿಲ್ಲ. ಹಿತ್ತಿಲಲ್ಲಿ ಜಾಗ ಸಾಲದೆ ಬೀದಿ ಕಡೆಯ ಗೇಟಿನ ಪಕ್ಕದಲ್ಲೇ ನೆಟ್ಟು, ತುದಿಯಿಂದ ಏರಿಯಲ್ ತಂತಿಯನ್ನು ಕಿಟಕಿಗೆ ಇಳಿಬಿಟ್ಟೆ. ಸಾಸಿವೆ ಸದ್ದು ಸ್ವಲ್ಪ ಕಡಿಮೆಯಾಯಿತು. ನೆಮ್ಮದಿಯಾಗಿ ಮಲಗಿದೆ.

ಮಾರನೆಯ ದಿನ ಕೆಲಸದಿಂದ ಬರುವಷ್ಟರಲ್ಲಿ ಎದುರುಮನೆಯ ರೇಡಿಯೋ ಬೀದಿಯ ಆ ತುದಿಗೇ ಕೇಳುತ್ತಿತ್ತು. ಯಾವತ್ತೂ ಅಷ್ಟು ಚೆನ್ನಾಗಿ ಕೇಳಿರಲಿಲ್ಲ. ತಲೆ ಎತ್ತಿ ನೋಡಿದೆ. ಅವರ ಛಾವಣಿಯಿಂದ ಹೊಸ ತಾಮ್ರದ ತಂತಿಯೊಂದು ಬೀದಿಯನ್ನು ಅಡ್ಡ ದಾಟಿ ಬಂದಿತ್ತು. ಅದರ ಈ ಕಡೆಯ ತುದಿ ನನ್ನ ಬಿದಿರಿಗೆ ಕಟ್ಟಿತ್ತು.

"ಇದೇನೇ ಇದು?"

"ಅವರಿಗೆ ತಂತಿ ಉದ್ದಕ್ಕೆ ಎಳೆಯೋಕೆ ಎತ್ತರದ ಕಂಬ ಇರ್ಲಿಲ್ವಂತೆ. ಅವರ ಮನೆಯೋರು ಬಂದು ಕೇಳಿದ್ರು. ಪಾಪ, ಕಟ್ಕೊಳಿ ಅಂದೆ."

ಬಿದಿರು ನನ್ನದು, ಗಾಡಿ ಬಾಡಿಗೆ ನನ್ನದು, ಹಾಡು ಅವರದ್ದು. ಈಗಲೇ ಬಿಚ್ಚುತ್ತೇನೆ ಎಂದು ಹೊರಟವನನ್ನು ಅವಳು ತಡೆದಳು.

"ಸುಮ್ನಿರಿ. ಅವರದ್ದು ನಮ್ಮ ಅಡುಗೆಮನೆಗೂ ಕೇಳಿಸುತ್ತೆ. ಇನ್ಮೇಲೆ ನಮ್ಮದನ್ನ ಹಾಕೋದೇ ಬೇಡ, ಕರೆಂಟಾದ್ರೂ ಉಳಿಯುತ್ತೆ."

ಮೆರವಣಿಗೆ

ಇದಾದ ಮೇಲೆ ಕೈಯಾರೆ ಒಂದು ರೇಡಿಯೋ ಸೆಟ್ಟು ಮಾಡಿ ಅವರ ಬಾಯಿ ಮುಚ್ಚಿಸಬೇಕು ಎಂದುಕೊಂಡೆ. ಅವರೇನೂ ಬಾಯಿ ಬಿಟ್ಟಿರಲಿಲ್ಲ, ಅದು ಬೇರೆ ಮಾತು. ಒಂದೇ ವಾಲ್ವಿನ ಸೆಟ್ಟು. ಅದರಲ್ಲಿ ಹೊರಗೆ ಬಂದ ಸಿಗ್ನಲ್ಲನ್ನೇ ಸ್ವಲ್ಪ ವಾಪಸು ಒಳಕ್ಕೆ ಕೊಟ್ಟರೆ ಸದ್ದು ಜೋರಾಗುತ್ತದೆ. ಎಷ್ಟು ಕೊಡಬೇಕು ಅನ್ನುವುದಕ್ಕೆ ಒಂದು ಗುಂಡಿ. ಆದರೆ ಹದ ಮೀರಿ ತಿರುಗಿಸಿದರೆ ಕೇಳುವ ಸೆಟ್ಟು ಕೂಗುವ ಸೆಟ್ಟಾಗುತ್ತದೆ. ಸುತ್ತಮುತ್ತಲ ರೇಡಿಯೋಗಳಲ್ಲೆಲ್ಲ ಅದರ ಸಿಳ್ಳೆ.

ಪುಸ್ತಕದಲ್ಲಿ ಇದನ್ನು ಓದಿದ್ದೆ. ಆದರೆ ಎದುರುಮನೆಯವರದ್ದಕ್ಕಿಂತ ಜೋರಾಗಿ ಕೇಳಬೇಕಲ್ಲ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ.

ಸಂಜೆ ಹೊತ್ತು, ವಾರ್ತೆಯ ಸಮಯ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗಲಾಟೆ. ಎಲ್ಲರ ರೇಡಿಯೋದಲ್ಲೂ ಸಿಳ್ಳೆ. ಎಲ್ಲರೂ ಹೋಗಿದ್ದು ಎದುರುಮನೆಗೆ. ನಾನೂ ಟೆಸ್ಟ್ ರೂಮಿನವನೇ, ನನ್ನ ಮನೆ ಬಾಗಿಲು ಯಾರೂ ತಟ್ಟಲಿಲ್ಲ. ಆ ಸಿಟ್ಟಿಗೆ ಗುಂಡಿಯನ್ನು ಅಲ್ಲೇ ಬಿಟ್ಟೆ.

ಎದುರುಮನೆಯವರು ಮರದ ಚೌಕಟ್ಟಿಗೆ ತಂತಿ ಸುತ್ತಿ, ಅದನ್ನು ಒಂದು ಬ್ಯಾಟರಿ ಸೆಟ್ಟಿಗೆ ಸಿಕ್ಕಿಸಿ ಹೊರಗೆ ಬಂದರು. ಚೌಕಟ್ಟನ್ನು ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಸಿಳ್ಳೆ ಜೋರು, ಒಂದು ದಿಕ್ಕಿನಲ್ಲಿ ಸಣ್ಣ. ಹಾಗೆ ತಿರುಗಿಸುತ್ತ, ನಿಲ್ಲುತ್ತ, ಹೆಜ್ಜೆ ಹಾಕಿದರು. ಹಿಂದೆ ಬೀದಿಗೆ ಬೀದಿಯೇ ಬಂತು, ಸಂಜೆ ಹಾಲು ಹಾಕಲು ಬಂದಿದ್ದ ಗೌಡರೂ ಕ್ಯಾನ್ ಸಮೇತ ಸೇರಿಕೊಂಡರು. ಮೆರವಣಿಗೆ ಬಂದು ನನ್ನ ಗೇಟಿನ ಮುಂದೆ ನಿಂತಿತು. ನಾನು ಓಡಿಹೋಗಿ ಸೆಟ್ಟು ಆರಿಸಿ, ಏನೂ ಗೊತ್ತಿಲ್ಲದವನ ಹಾಗೆ ಬಾಗಿಲಿಗೆ ಬಂದೆ.

"ಏನ್ ಸ್ವಾಮಿ ಸಮಾಚಾರ?"

ಎದುರುಮನೆಯವರು ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಹಿಂದೆ ತಿರುಗಿ ಜನಕ್ಕೆ ಹೇಳಿದರು, "ಸಿಳ್ಳೆ ನಿಂತುಹೋಯ್ತು ಕಣ್ರೀ. ಎಲ್ಲೋ ಲೈನಿನಲ್ಲಿ ತೊಂದರೆ ಇತ್ತು ಅಂತ ಕಾಣುತ್ತೆ, ಹೋಗಿ ವಾರ್ತೆ ಕೇಳಿ." ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಆ ಗುಂಡಿ ಒಂದು ಚೂರು ಹಿಂದಕ್ಕಿಡಿ ಸ್ವಾಮಿ," ಎಂದರು.

ಮಾನ ತೆಗೆದಿದ್ದರೆ ಸಹಿಸುತ್ತಿದ್ದೆ. ಮಾನ ಉಳಿಸಿದ್ದನ್ನು ಸಹಿಸುವುದು ಕಷ್ಟವಾಯಿತು. ಎಲ್ಲರೂ ಹೋದರೂ ಗೌಡರು ಮಾತ್ರ ಚೌಕಟ್ಟನ್ನೇ ನೋಡುತ್ತ ನಿಂತಿದ್ದರು.

"ಸಾಮಿ, ಇಂಗೆ ತಿರುಗುಸ್ಕೊಂಡು ಓದ್ರೆ ಕೂಗೋದು ಎಲ್ಲಿದ್ರೂ ಸಿಕ್ತದಾ?"

"ಸಿಗುತ್ತೆ ಗೌಡ್ರೇ."

"ಅಂಗಾರೆ ನಾಳೆ ಒಂದ್ಸಲ ಸೋಲದೇವನಹಳ್ಳಿ ಕಡೀಕೆ ಬನ್ನಿ ಸಾಮಿ. ನಂದೊಂದು ಎಮ್ಮೆ ತಪ್ಪಿಸ್ಕೊಂಡೈತೆ. ಅದೂ ಚೆನ್ನಾಗೇ ಕೂಗ್ತದೆ."

ಮೊಣಕೈ

ಕೊನೆಗೆ ಕುರ್ಚಿಯ ವಿಷಯ ಇತ್ಯರ್ಥವಾಗುವ ಕಾಲ ಬಂತು. ಹಳೆಯ ಚಾರ್ಜ್‌ಮನ್ ಹೋದರು, ಕುರ್ಚಿ ಖಾಲಿ ಬಿತ್ತು. ಆಗ ಎದುರುಮನೆಯವರಿಗೆ ಒಂದು ಹೊಸ ಟ್ರಾನ್ಸ್‌ಮಿಟರ್ ಮಾಡುವ ಕೆಲಸ ಕೊಟ್ಟಿದ್ದರು. ಡೆಲ್ಲಿಯಿಂದ ದೊಡ್ಡ ಸಾಹೇಬರು ಬಂದು ನೋಡಿ ಒಪ್ಪಿದರೆ ಕುರ್ಚಿ ಎದುರುಮನೆಯವರಿಗೆ, ಒಪ್ಪದಿದ್ದರೆ ನನಗೆ. ಹೀಗೆಂದು ಫೋರ್‌ಮನ್ನೇ ಹೇಳಿದ್ದರು.

ಮೇಜಿನ ಮೇಲೆ ಆ ಟ್ರಾನ್ಸ್‌ಮಿಟರಿನ ಎರಡು ತೆರೆದ ಪೆಟ್ಟಿಗೆಗಳು, ನಡುವೆ ಒಂದು ಗೇಣು ಜಾಗ. ಮೊದಲನೆಯದರಲ್ಲಿ ಸಣ್ಣ ಸಿಗ್ನಲ್ಲು ಹುಟ್ಟಬೇಕು, ಎರಡನೆಯದರಲ್ಲಿ ಅದು ದೊಡ್ಡದಾಗಬೇಕು. ನನ್ನ ಸ್ಟೂಲು ಪಕ್ಕದಲ್ಲೇ. ನಾನು ದಿನವೂ ಆ ಗೇಣು ಜಾಗದಲ್ಲಿ ಎಡ ಮೊಣಕೈ ಊರಿ, ಕೆನ್ನೆಗೆ ಕೈ ಕೊಟ್ಟು, ಅವರ ಕೆಲಸವನ್ನೇ ನೋಡುತ್ತಿದ್ದೆ. ಕಲಿಯಲಿಕ್ಕಲ್ಲ. ಎಲ್ಲಿ ತಪ್ಪುತ್ತಾರೋ ನೋಡಲಿಕ್ಕೆ. ತಪ್ಪಲೇ ಇಲ್ಲ. ಟ್ರಾನ್ಸ್‌ಮಿಟರು ದಿನದಿಂದ ದಿನಕ್ಕೆ ಹದಕ್ಕೆ ಬಂತು, ನನಗೆ ದಿನದಿಂದ ದಿನಕ್ಕೆ ಊಟ ಸೇರದಾಯಿತು.

ಸಾಹೇಬರು ಬಂದ ದಿನ ನನಗೆ ನೋಡಲಾಗಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ, ಹೊರಗಿನ ನೀಲಗಿರಿ ಮರಗಳಿಗೆ ಮುಖ ಮಾಡಿ ನಿಂತೆ. ಹಿಂದೆ ಸ್ವಿಚ್ ಹಾಕಿದ ಸದ್ದು. ಆಮೇಲೆ ಊಳು. ನಾಯಿ ಊಳಿಟ್ಟ ಹಾಗೆ ಟ್ರಾನ್ಸ್‌ಮಿಟರ್ ಊಳಿಡುತ್ತಿತ್ತು.

ಆ ಸದ್ದು ಕೇಳಿ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಎದುರುಮನೆಯವರು ಬೆವರುತ್ತ ಸ್ಕ್ರೂ ತಿರುಗಿಸುತ್ತಿದ್ದರು, ಸಾಹೇಬರ ಹುಬ್ಬು ಗಂಟಿಕ್ಕಿತ್ತು. ಇಂಥದ್ದನ್ನು ದೂರದಿಂದ ನೋಡುವುದೇ? ಹತ್ತಿರ ಹೋಗಿ ನನ್ನ ಸ್ಟೂಲಿನ ಮೇಲೆ ಕೂತು, ಎಂದಿನಂತೆ ಮೊಣಕೈ ಊರಿದೆ. ಊಳು ನಿಂತಿತು. ಮೀಟರಿನ ಮುಳ್ಳು ಎಲ್ಲಿರಬೇಕೋ ಅಲ್ಲಿ ಬಂದು ನಿಂತಿತು.

"ಗುಡ್," ಎಂದರು ಸಾಹೇಬರು.

ನನ್ನ ಮುಖ ಸಪ್ಪಗಾಯಿತು. ಎದ್ದು ಮತ್ತೆ ಕಿಟಕಿಗೆ ಹೋದೆ. ಮತ್ತೆ ಊಳು. ಆಸೆಯಿಂದ ಓಡಿಬಂದು ಮೊಣಕೈ ಊರಿದೆ. ಮತ್ತೆ ಮೌನ. ಮೂರನೇ ಸಲ ಏಳುವಷ್ಟರಲ್ಲಿ ಫೋರ್‌ಮನ್ ನನ್ನ ಭುಜ ಹಿಡಿದರು.

"ರೀ, ಕೈ ಎತ್ತಿ."

ಎತ್ತಿದೆ. ಊಳು.

"ಇಡಿ."

ಇಟ್ಟೆ. ಮೌನ.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇವರು ಯಾರು?"

"ಇದುವರೆಗೂ ನಮ್ಮ ಟೆಸ್ಟ್ ರೂಮಿನವರು ಅಂದ್ಕೊಂಡಿದ್ದೆ ಸಾರ್," ಎಂದರು ಫೋರ್‌ಮನ್. "ಈಗ ನೋಡಿದ್ರೆ ಇವರು ಸರ್ಕ್ಯೂಟಿನ ಭಾಗ."

ಆದದ್ದು ಇಷ್ಟೆ. ಎರಡನೆಯ ಪೆಟ್ಟಿಗೆಯ ದೊಡ್ಡ ಸಿಗ್ನಲ್ಲು ಗಾಳಿಯಲ್ಲೇ ಹಾರಿ ಮೊದಲನೆಯದಕ್ಕೆ ವಾಪಸು ಬೀಳುತ್ತಿತ್ತು, ಅದಕ್ಕೇ ಊಳು. ನಡುವೆ ನನ್ನ ತೋಳಿದ್ದರೆ ಅದು ಅಡ್ಡಗೋಡೆಯಾಗುತ್ತಿತ್ತು. ದಿನವೂ ನಾನು ಅಲ್ಲೇ ಕೂತಿದ್ದರಿಂದ ಊಳು ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನ ಹೊಟ್ಟೆಕಿಚ್ಚೇ ಅವರ ಟ್ರಾನ್ಸ್‌ಮಿಟರನ್ನು ಇಷ್ಟು ದಿನ ನಡೆಸಿತ್ತು.

ಸಾಹೇಬರು ಉಳಿದ ಪರೀಕ್ಷೆಗಳನ್ನೂ ಆಗಲೇ ಮುಗಿಸಬೇಕೆಂದರು. "ಇವರು ಅಲ್ಲಾಡಬಾರದು," ಎಂದರು ಫೋರ್‌ಮನ್.

"ಸ್ಟೂಲಿನ ಮೇಲೆ ಅಷ್ಟು ಹೊತ್ತು ಆಗಲ್ಲ ಸಾರ್," ಎಂದೆ ನಾನು.

ಕುರ್ಚಿ ತಂದರು. ಕೈ ಇರುವ ಕುರ್ಚಿ. ಅದರಲ್ಲಿ ಕೂತೆ, ಎಡಗೈ ಮೇಜಿನ ಮೇಲೆ. ಏಳುವ ಹಾಗಿಲ್ಲವೆಂದು ಕಾಫಿಯನ್ನೂ ಅಲ್ಲಿಗೇ ತಂದುಕೊಟ್ಟರು. ಎದುರುಮನೆಯವರು ಪಕ್ಕದಲ್ಲಿ ನಿಂತು, "ಮೊಣಕೈ ಒಂದು ಚೂರು ಮುಂದಕ್ಕೆ ಸ್ವಾಮಿ, ದಯವಿಟ್ಟು," ಎನ್ನುತ್ತಿದ್ದರು. ನಾನು ಒಂದು ಸಲ ಹಿಂದಕ್ಕೆಳೆದು, ಊಳು ಕೇಳಿಸಿ, ಆಮೇಲೆ ಮುಂದಕ್ಕಿಡುತ್ತಿದ್ದೆ. ಅಂಥ ಮಧ್ಯಾಹ್ನ ನನ್ನ ನೌಕರಿಯಲ್ಲಿ ಇನ್ನೊಂದು ಬರಲಿಲ್ಲ. ನಾನಿಲ್ಲದೆ ಇವರ ಕೆಲಸವೇ ನಡೆಯುವುದಿಲ್ಲ, ಇನ್ನು ಈ ಕುರ್ಚಿಯಿಂದ ನನ್ನನ್ನು ಎಬ್ಬಿಸುವವರು ಯಾರು ಎಂದುಕೊಂಡೆ.

ಮಾರನೆಯ ದಿನ ಹೋಗಿ ನೋಡಿದರೆ ಮೇಜಿನ ಮುಂದೆ ನನ್ನ ಹಳೆಯ ಸ್ಟೂಲಿತ್ತು. ಎರಡು ಪೆಟ್ಟಿಗೆಗಳ ನಡುವೆ, ನಾನು ಮೊಣಕೈ ಊರುತ್ತಿದ್ದ ಜಾಗದಲ್ಲೇ, ಅಂಗೈಯಗಲದ ಒಂದು ತಗಡು ನಿಲ್ಲಿಸಿ ಸ್ಕ್ರೂ ಹಾಕಿದ್ದರು. ಟ್ರಾನ್ಸ್‌ಮಿಟರ್ ಉಸಿರೆತ್ತದೆ ಕೆಲಸ ಮಾಡುತ್ತಿತ್ತು. ಕೈ ಇರುವ ಕುರ್ಚಿಯಲ್ಲಿ ಎದುರುಮನೆಯವರು ಕೂತಿದ್ದರು.

ಸಂಜೆ ಸೈಕಲ್ ನಿಲ್ಲಿಸುವ ಮೊದಲೇ ಬಾಗಿಲಿನಿಂದ ಪ್ರಶ್ನೆ ಬಂತು, "ಏನ್ರೀ, ಕುರ್ಚಿ ಬಂತಾ?"

"ಎದುರುಮನೆಗೆ ಹೋಯ್ತು."

"ಅಯ್ಯೋ. ನೀವು ಕೈ ಇಡದೇ ಇದ್ರೆ ಆ ಮಿಷನ್ನು ನಡೆಯೋದೇ ಇಲ್ಲ ಅಂದ್ರಿ ನಿನ್ನೆ. ಈಗ ನಿಮ್ಮ ಜಾಗಕ್ಕೆ ಯಾರನ್ನ ಹಾಕಿದಾರೆ?"

"ಒಂದು ತಗಡನ್ನ."

ಅವಳು ಒಳಗೆ ಹೋಗಿ ಕಾಫಿ ತಂದು ಕೈಗೆ ಕೊಟ್ಟಳು. ಸಮಾಧಾನದ ಮಾತು ಹೇಳುತ್ತಾಳೆಂದು ನಾನು ಕಾದೆ.

"ಅವರನ್ನ ಬೈಯೋಕಾಗಲ್ಲ ಬಿಡಿ," ಎಂದಳು. "ತಗಡು ಕೂತಲ್ಲಿಗೆ ಕಾಫಿ ಕೇಳಲ್ಲ, ಕೆಲಸ ಬಿಟ್ಟು ಕಿಟಕಿ ಹತ್ರ ಹೋಗಿ ನಿಂತ್ಕೊಳಲ್ಲ, ಎದುರುಮನೆಯೋರನ್ನ ನೋಡಿ ಹೊಟ್ಟೆನೂ ಉರ್ಕೊಳಲ್ಲ. ಆಯ್ಕೆ ಸರಿಯಾಗೇ ಇದೆ."