ಓದುವ ಕೋಣೆಯ ಮೇಜಿನ ಎಡಗಾಲು ಮತ್ತು ಕಾಣೆಯಾದ ಹಾಳೆ

ಇಂದ:
ಗ್ರಂಥಾಲಯದ ಕಸ ಗುಡಿಸುವ, ಪುಸ್ತಕದ ಧೂಳು ಒರೆಸುವ, ಕಿಟಕಿ ತೆರೆದು ಮುಚ್ಚುವ ಮುದುಕ
(ಸೇವೆ ನಲವತ್ತೈದು ವರ್ಷ, ಓದು ಮೂರನೆಯ ತರಗತಿ, ಅದೂ ಅರ್ಧ)

ಗೆ:
೧. ಗ್ರಂಥಾಲಯದ ಮುಖ್ಯಸ್ಥರು
೨. ನಮ್ಮ ಕ್ರೈಸ್ತ ಸಭೆಯ ಚರಿತ್ರೆಯನ್ನು ಬರೆದ ಪಂಡಿತರು
(ಇಬ್ಬರೂ ತಾವೇ ಆಗಿರುವ ಕಾರಣ ಒಂದೇ ಪ್ರತಿ ಸಲ್ಲಿಸಿದೆ)

ವಿಷಯ: ತಮ್ಮ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಕಾಣೆಯಾಗಿದೆಯೆಂದು ಬರೆದಿರುವ ಹಾಳೆ ಕಾಣೆಯಾಗದೆ ಇರುವ ಬಗ್ಗೆ.

ಉಲ್ಲೇಖ:
೧. ಸದರಿ ಗ್ರಂಥ, ನೀಲಿ ರಟ್ಟು, ಎರಡನೆಯ ಮುದ್ರಣ.
೨. ಸಭೆಯ ಹಳೆಯ ನಡಾವಳಿ ಪುಸ್ತಕ, ಮತ್ತು ಅದರಲ್ಲಿ ಇಲ್ಲದ ಹಾಳೆ.
೩. ಮೂರನೆಯ ಮುದ್ರಣ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆಂದು ತಾವು ಫೋನಿನಲ್ಲಿ ಹೇಳಿದ್ದು. (ಆಗ ಅರ್ಜಿದಾರ ಕಿಟಕಿ ಒರೆಸುತ್ತಿದ್ದ.)

ಮಾನ್ಯರೇ,

ಅರ್ಜಿಯಲ್ಲಿ ‘ನಾನು, ನಾನು’ ಎಂದು ಬರೆಯುವುದು ಮರ್ಯಾದೆಯಲ್ಲ, ‘ಸದರಿ ಅರ್ಜಿದಾರ’ ಎಂದು ಬರೆಯಬೇಕು ಎಂದು ಕಚೇರಿಯ ಗುಮಾಸ್ತರು ತಿಳಿಸಿದ್ದಾರೆ. ಆದ್ದರಿಂದ ಈ ಕೆಳಗಿನ ತಪ್ಪನ್ನು ಸದರಿ ಅರ್ಜಿದಾರನೇ ಮಾಡಿರುತ್ತಾನೆ.

೧. ನಲವತ್ನಾಲ್ಕು ವರ್ಷದ ಹಿಂದೆ ಈ ಗ್ರಂಥಾಲಯ ಸಭೆಯ ಓದುವ ಕೋಣೆಯಾಗಿತ್ತು. ಉತ್ತರದ ಕಿಟಕಿಯ ಬಳಿ ಈಗಲೂ ಇರುವ ದೊಡ್ಡ ಮೇಜು ಆಗಲೂ ಅಲ್ಲೇ ಇತ್ತು. ಅದರ ಎಡಗಾಲು ಎರಡು ನಾಣ್ಯದ ದಪ್ಪದಷ್ಟು ಗಿಡ್ಡ. ಆಗಿನ ಪಾದ್ರಿಗಳು, ಅಂದರೆ ಎಲ್ಲರೂ ಅಯ್ಯನವರು ಎಂದು ಕರೆಯುತ್ತಿದ್ದವರು, ಅದರ ಮೇಲೆ ಬರೆಯಲು ಕುಳಿತರೆ ಮೇಜು ಕುಣಿಯುತ್ತಿತ್ತು, ಮಸಿಕುಡಿಕೆಯೂ ಕುಣಿಯುತ್ತಿತ್ತು. ಅವರು ಒಂದು ಮೊಣಕಾಲಿನಿಂದ ಮೇಜನ್ನು ಒತ್ತಿ ಹಿಡಿದು ಆರಾಧನೆಯ ಪ್ರಸಂಗ ಬರೆಯುತ್ತಿದ್ದರು. ಭಾನುವಾರ ವೇದಿಕೆ ಹತ್ತುವಾಗ ಅವರು ಕುಂಟುತ್ತಿದ್ದದ್ದು ಇದೇ ಕಾರಣಕ್ಕೆ. ತಮ್ಮ ಗ್ರಂಥದಲ್ಲಿ ವಾತರೋಗವೆಂದಿದೆ. ಅದು ದೊಡ್ಡ ವಿಷಯವಲ್ಲ.

೨. ಬಡಗಿಯನ್ನು ಕರೆಸುತ್ತೇವೆ ಎಂದು ಸಭೆಯ ಹಿರಿಯರು ಹೇಳುತ್ತಲೇ ಇದ್ದರು. ಬಡಗಿ ಬರಲೇ ಇಲ್ಲ. ಅರ್ಜಿದಾರ ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ. ಒಂದು ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ, ತಾನೇ ಸರಿಮಾಡಿ ಶಹಭಾಸ್ ಅನ್ನಿಸಿಕೊಳ್ಳೋಣವೆಂದು ದಪ್ಪ ಕಾಗದ ಹುಡುಕಿದ. ಪೇಪರು ಮಡಚಿಟ್ಟರೆ ಎರಡೇ ದಿನಕ್ಕೆ ಚಪ್ಪಟೆಯಾಗುತ್ತದೆ. ಮೇಜಿನ ಮೇಲೆ ಹಿರಿಯರ ಕೂಟದ ನಡಾವಳಿ ಪುಸ್ತಕವಿತ್ತು, ಅದರ ಹಾಳೆ ಬಟ್ಟೆಯ ಹಾಗೆ ಗಟ್ಟಿ. ಅರ್ಜಿದಾರ ಯೋಚನೆ ಮಾಡದೆ ಕೈಹಾಕಿದನೆಂದು ತಿಳಿಯಬಾರದು. ಬಹಳ ಯೋಚಿಸಿದ. ಖಾಲಿ ಹಾಳೆ ಮುಂದೆ ಬರೆಯಲು ಬೇಕಾದೀತು, ಬರೆದಾದ ಹಾಳೆಯ ಕೆಲಸ ಮುಗಿದಿದೆ ಎಂದುಕೊಂಡು, ಖಾಲಿ ಹಾಳೆಗಳನ್ನೆಲ್ಲ ಜೋಪಾನವಾಗಿ ಬಿಟ್ಟು, ಬರೆದ ಹಾಳೆಯೊಂದನ್ನೇ ಹರಿದು, ಹದಿನಾರು ಮಡಿಕೆ ಮಾಡಿ ಎಡಗಾಲಿನ ಕೆಳಗೆ ಇಟ್ಟ. ಮೇಜು ಬಂಡೆಯ ಹಾಗೆ ನಿಂತಿತು.

೩. ಸಂಜೆ ಅಯ್ಯನವರು ಬಂದು ಕುಳಿತರು. ಮೊಣಕಾಲು ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ಆಮೇಲೆ ಬಗ್ಗಿ ನೋಡಿದರು, ಪುಸ್ತಕ ತೆರೆದೂ ನೋಡಿದರು. ಪುಸ್ತಕ ಮುಚ್ಚಿ ಹೇಳಿದ್ದು ಇಷ್ಟೇ: “ನಿಂತಿದೆಯಲ್ಲ, ಬಿಡು. ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು.” ಅರ್ಜಿದಾರನನ್ನು ಯಾರೂ ಕೇಳಲಿಲ್ಲ. ಕೇಳದ ಕಾರಣ ಅವನೂ ಹೇಳಲಿಲ್ಲ.

೪. ಅದೇ ವರ್ಷ ಸಭೆಯಲ್ಲಿ ಜಗಳವೆದ್ದು ಒಂದು ಸಭೆ ಎರಡಾಯಿತು. ಅರ್ಧ ಜನ ರಸ್ತೆಯ ಆಚೆಗೆ ಹೋಗಿ ಬೇರೆ ಗಂಟೆ ಕಟ್ಟಿಕೊಂಡರು. ಅದು ತಮಗೆ ಅರ್ಜಿದಾರನಿಗಿಂತ ಚೆನ್ನಾಗಿ ಗೊತ್ತಿದೆ.

೫. ತಾವು ಆರು ವರ್ಷ ಇದೇ ಮೇಜಿನ ಮೇಲೆ ಮೊಣಕೈ ಊರಿ ಗ್ರಂಥ ಬರೆದಿರಿ. ಬೇರೆ ಕಾಲೇಜಿನಿಂದ ಇನ್ನೊಬ್ಬ ಪಂಡಿತರು ಬಂದು ತಮ್ಮೊಡನೆ ಒಂದು ಇಡೀ ಮಧ್ಯಾಹ್ನ ವಾದ ಮಾಡಿದರು. ಇಬ್ಬರೂ ‘ಮೂಲ ಆಕರದ ಅಭಾವ’ ಎನ್ನುತ್ತ ಮೇಜನ್ನು ಗುದ್ದುತ್ತಿದ್ದಿರಿ. ಯಾರದೋ ಮನೆಯಲ್ಲಿ ಏನೋ ಅಭಾವವಿರಬೇಕೆಂದು ಮರುಗಿ ಅರ್ಜಿದಾರ ಇಬ್ಬರಿಗೂ ಚಹ ತಂದಿಟ್ಟ. ಅಷ್ಟು ಗುದ್ದಿದರೂ ಚಹ ತುಳುಕಲಿಲ್ಲ ಎಂಬುದನ್ನು ಮಾತ್ರ ಹೆಮ್ಮೆಯಿಂದ ಗಮನಿಸಿದ. ಇನ್ನೊಂದು ದಿನ ತಮ್ಮ ಪೆನ್ನು ಬಿದ್ದು ಉರುಳಿ, ತಾವು ಮೇಜಿನ ಕೆಳಗೆ ತಲೆ ಹಾಕಿದಿರಿ. ತಮ್ಮ ಮೂಗಿಗೂ ಆ ಹಾಳೆಗೂ ಒಂದು ಗೇಣು ಅಂತರವಿತ್ತು. ತಾವು ಎದ್ದು “ಇಲ್ಲಿ ಸ್ವಲ್ಪ ಧೂಳಿದೆಯಪ್ಪ” ಎಂದಿರಿ. ಅಂದಿನಿಂದ ಅಲ್ಲಿ ಎರಡು ಸಲ ಒರೆಸಲಾಗುತ್ತಿದೆ.

೬. ಅರ್ಜಿದಾರನಿಗೆ ಪುಸ್ತಕಗಳು ಗೊತ್ತಿರುವುದು ತೂಕದಿಂದ, ಬೆನ್ನಿನ ಬಣ್ಣದಿಂದ, ವಾಸನೆಯಿಂದ. ತಮ್ಮದು ನೀಲಿ, ಒಂದು ಕೈಗೆ ಭಾರ. ಅದು ಬಂದಾಗಿನಿಂದ ವಾರಕ್ಕೊಮ್ಮೆ ಅದರ ಧೂಳು ಒರೆಸಿದ್ದಾನೆ, ಒಳಗೇನಿದೆ ಎಂದು ಕೇಳಿದವನಲ್ಲ. ಕೇಳಬೇಕಾಗಿ ಬಂದದ್ದು ಈಗಿಲ್ಲದ ಅಯ್ಯನವರ ತಂಗಿಯಿಂದ. ಅವರಿಗೀಗ ಎಂಬತ್ತಾರು. ಎಲ್ಲರಿಗೂ ಅವರು ಅಕ್ಕ. ದಿನಾ ಬೆಳಿಗ್ಗೆ ಓದುವ ಕೋಣೆಗೆ ಬಂದು ಕಿಟಕಿಯ ಬಳಿ ಕೂರುತ್ತಿದ್ದವರು ಬರುವುದನ್ನೇ ನಿಲ್ಲಿಸಿದ್ದರು. ಒಂದು ಕಾಗದ ಕೊಡಲು ಮನೆಗೆ ಹೋದಾಗ ಅರ್ಜಿದಾರ, ಯಾಕಕ್ಕ ಆ ಕಡೆ ಬರೋದೇ ಬಿಟ್ಟಿರಿ ಎಂದು ವಿಚಾರಿಸಿದ.

“ಬಂದು ಏನು ಮಾಡ್ಲಿ? ಹಾಳೆ ಹರಿದವನ ತಂಗಿ ಬಂದ್ಲು ಅಂತ ಎಲ್ಲರೂ ಎದ್ದು ಜಾಗ ಬಿಡ್ತಾರೆ. ಇಷ್ಟು ವಿಶಾಲವಾಗಿ ನನಗೆ ಕೂತು ಅಭ್ಯಾಸ ಇಲ್ಲ.”

ಅರ್ಜಿದಾರನಿಗೆ ಅರ್ಥವಾಗದ ಕಾರಣ ಅವರು ಪೆಟ್ಟಿಗೆಯ ತಳದಿಂದ ನೀಲಿ ಪುಸ್ತಕ ತೆಗೆದು, ಭೂತಗನ್ನಡಿ ಹಿಡಿದು, ಒಂಬತ್ತನೆಯ ಅಧ್ಯಾಯವನ್ನು ನಾಲ್ಕು ಮಧ್ಯಾಹ್ನ ಓದಿ ಹೇಳಿದರು. ಸಭೆ ಒಡೆಯುವ ನಿರ್ಣಯ ಆ ಹಾಳೆಯಲ್ಲಿತ್ತು, ತನ್ನ ಕೈವಾಡ ಮುಚ್ಚಲು ಪಾದ್ರಿಯೇ ಅದನ್ನು ನಾಶಮಾಡಿದ ಎಂದು ತಾವು ಬರೆದಿದ್ದೀರಿ. ಸಾಕ್ಷಿಗೆ ಮುಂದಿನ ಕೂಟದ ನಡಾವಳಿಯ ಒಂದು ಸಾಲು ಕೊಟ್ಟಿದ್ದೀರಿ: ‘ಹಾಳೆ ಹೋದುದಕ್ಕೆ ನಾನೇ ಜವಾಬ್ದಾರನೆಂದು ಪಾದ್ರಿಗಳು ಒಪ್ಪಿಕೊಂಡರು.’

ಈ ಸಾಲನ್ನು ಅರ್ಜಿದಾರ ಕೇಳಿದ್ದು ಅಂದೇ ಮೊದಲು. ಹರಿದವನು ಯಾರೆಂದು ತಿಳಿದಿದ್ದರೆ ಹಿರಿಯರು ಆಗಲೇ ಅವನನ್ನು ಕೆಲಸದಿಂದ ಹೊರಗೆ ಕಳಿಸುತ್ತಿದ್ದರು. ಹಾಗಾಗದಂತೆ ಅಯ್ಯನವರು ತಮ್ಮ ಹೆಸರನ್ನು ಕೊಟ್ಟಿದ್ದರು. ಅಕ್ಕ ಕೊಟ್ಟ ಚಹವನ್ನು ಅರ್ಜಿದಾರ ಪಕ್ಕಕ್ಕಿಟ್ಟ. ಅವನು ಎಲ್ಲವನ್ನೂ ಹೇಳಿಬಿಟ್ಟ.

ಅಕ್ಕ ಲೋಟ ಕೆಳಗಿಟ್ಟರು. “ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದೆಯೋ ಇದನ್ನ?”

“ಮೇಜಿನ ಕೆಳಗೇ ಅಕ್ಕ.”

೭. ರಜೆಯ ದಿನ ಅರ್ಜಿದಾರ ಹಾಳೆಯನ್ನು ತೆಗೆದು, ಅಂಗಿಯೊಳಗಿಟ್ಟುಕೊಂಡು ಅವರ ಅಡುಗೆಮನೆಗೆ ಒಯ್ದ. ಬೀಗದ ಕೈ ಅವನ ಬಳಿಯೇ ಇರುವ ಕಾರಣ ಇದನ್ನು ಕಳ್ಳತನವೆಂದು ಪರಿಗಣಿಸಬಾರದಾಗಿ ಕೋರಿಕೆ. ಹಾಳೆ ಹಲಗೆಯಂತಾಗಿತ್ತು. ಅಕ್ಕ ಹಬೆ ತೋರಿಸಿ ಒಂದೊಂದೇ ಮಡಿಕೆ ಬಿಡಿಸಿ ಓದಿದರು. ಒಂದು ಬದಿಯಲ್ಲಿ ಚಾವಣಿ ಸೋರುವ ವಿಚಾರ. ಇನ್ನೊಂದು ಬದಿಯಲ್ಲಿ ಇದ್ದದ್ದು ಹೀಗೆ: ‘ಓದುವ ಕೋಣೆಯ ಮೇಜಿನ ಎಡಗಾಲು ಗಿಡ್ಡವಿದ್ದು ಅಲುಗಾಡುತ್ತಿರುವ ಕಾರಣ, ಬಡಗಿಯನ್ನು ಕರೆಸಿ ಸರಿಪಡಿಸತಕ್ಕದ್ದು. ಹಿರಿಯರು ಒಂಬತ್ತೂ ಜನ ಒಮ್ಮತದಿಂದ ಒಪ್ಪಿದರು. ಪ್ರಾರ್ಥನೆಯೊಂದಿಗೆ ಕೂಟ ಮುಗಿಯಿತು.’

ಆ ವರ್ಷ ಒಂಬತ್ತು ಜನ ಒಮ್ಮತದಿಂದ ಒಪ್ಪಿದ ಇನ್ನೊಂದು ನಿರ್ಣಯ ತಮ್ಮ ಗ್ರಂಥದಲ್ಲಿ ಎಲ್ಲೂ ಸಿಗಲಿಲ್ಲವೆಂದು ಅಕ್ಕ ತಿಳಿಸಿದ್ದಾರೆ.

ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತ ಒರೆಸುತ್ತ ನಗು ನಿಂತಿತು. “ನಮ್ಮಣ್ಣ ಹಳೇ ಲಕೋಟೆ ಬಿಚ್ಚಿ ಒಳಮೈಮೇಲೆ ಬರೀತಿದ್ದ. ಅವನು ಹಾಳೆ ಹರೀತಾನಾ? ನನ್ನ ಹತ್ರಾನೂ ಬಾಯಿ ಬಿಡ್ಲಿಲ್ಲ ನೋಡು.” ಹಾಳೆಯನ್ನು ಮೊದಲಿದ್ದ ಗುರುತಿನ ಮೇಲೆಯೇ ಮಡಚಿ ಅರ್ಜಿದಾರನ ಕೈಗಿಟ್ಟರು. “ಹೋಗಿ ಅಲ್ಲೇ ಇಡು. ನಾನು ಹೇಳಿದ್ರೆ ತಂಗಿ ಅಣ್ಣನ ಪರ ಮಾತಾಡ್ತಾಳೆ ಅಂತಾರೆ. ಹರಿದವನು ನೀನು, ಬರೆಯೋನೂ ನೀನೇ. ಬೇಗ ಬರಿ. ನನ್ನ ಕಣ್ಣು ನಾಲ್ಕನೇ ಮುದ್ರಣದ ತನಕ ಬರೋದಿಲ್ಲ.”

೮. ತಮ್ಮ ಒಂಬತ್ತನೆಯ ಅಧ್ಯಾಯದ ನಲವತ್ತೊಂದು ಪುಟ ಹೋಗುತ್ತದೆಂದು ಅರ್ಜಿದಾರನಿಗೆ ನಿಜವಾಗಿಯೂ ಸಂಕಟವಿದೆ. ತಾವು ಅದಕ್ಕಾಗಿ ಊಟ ಬಿಟ್ಟು ಕುಳಿತದ್ದನ್ನು ನೋಡಿದ್ದಾನೆ. ಮಿಕ್ಕ ಅಧ್ಯಾಯಗಳು ಚೆನ್ನಾಗಿವೆ, ಎರಡನೆಯದು ಸ್ವಲ್ಪ ಉದ್ದವಾಯಿತು ಎಂದು ಅಕ್ಕ ಹೇಳಿದ್ದಾರೆ. ಹಾಳೆ ಎಂದೂ ಇರಲೇ ಇಲ್ಲವೆಂದು ಕೆಂಪು ರಟ್ಟಿನ ಪುಸ್ತಕ ಬರೆದ ಆ ಇನ್ನೊಬ್ಬ ಪಂಡಿತರದ್ದೂ ತಪ್ಪೇ ಆಗಿರುವ ಕಾರಣ ತಾವು ಸಮಾಧಾನ ಮಾಡಿಕೊಳ್ಳಬಹುದು.

ಆದ್ದರಿಂದ ಮೇಲ್ಕಂಡ ಎಲ್ಲ ಕಾರಣಗಳಿಂದ ಕೇಳಿಕೊಳ್ಳುವುದೇನೆಂದರೆ:

(ಅ) ಮೂರನೆಯ ಮುದ್ರಣದಲ್ಲಿ ‘ಹಾಳೆಯನ್ನು ಹರಿದವನು ಕಸ ಗುಡಿಸುವವನು, ಪಾದ್ರಿಗಳಲ್ಲ’ ಎಂದು ಅಚ್ಚು ಹಾಕಿಸಬೇಕು. ಅಡಿಟಿಪ್ಪಣಿಯಲ್ಲಿ ಬೇಡ. ಅಕ್ಕನಿಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ.

(ಆ) ಅಚ್ಚಾದ ಪುಟವನ್ನು ತಾವೇ ಒಯ್ದು ಅವರ ಮುಂದೆ ಓದಬೇಕು. ಅಂದು ಅವರನ್ನು ಕೋಣೆಗೆ ಕರೆತಂದರೆ ಕಿಟಕಿಯ ಬಳಿ ಯಾರೂ ಎದ್ದು ಜಾಗ ಬಿಡದಂತೆ, ಒತ್ತೊತ್ತಾಗಿ ಕೂರುವಂತೆ ನೋಡಿಕೊಳ್ಳಬೇಕು.

(ಇ) ಅರ್ಜಿದಾರನ ಮೇಲೆ ಕ್ರಮ ಜರುಗಿಸುವುದಾದರೆ ಜರುಗಿಸಬಹುದು. ಬೀಗದ ಕೈ ಎಂದಿನ ಮೊಳೆಗೆ ನೇತುಹಾಕಿದೆ.

(ಈ) ನಲವತ್ನಾಲ್ಕು ವರ್ಷದ ಹಿಂದೆ ಒಮ್ಮತದಿಂದ ನಿರ್ಣಯವಾದಂತೆ ಬಡಗಿಯನ್ನು ಕರೆಸಬೇಕು.

ಅಯ್ಯನವರ ಋಣದಲ್ಲಿರುವ, ತಮ್ಮ ವಿಶ್ವಾಸಿ,
ಸದರಿ ಅರ್ಜಿದಾರ

ಲಗತ್ತುಗಳು:
೧. ಹಾಳೆ, ಒಂದು. (ಇದರೊಂದಿಗೆ ಇಟ್ಟಿಲ್ಲ. ಇಟ್ಟರೆ ಮೇಜು ಕುಣಿಯುತ್ತದೆ. ತಾವು ಬಗ್ಗಿ ನೋಡಬಹುದು, ಧೂಳು ಒರೆಸಿದೆ.)
೨. ಎಡಗಾಲಿನ ಕೆಳಗಿನ ಸಂದಿನ ಅಳತೆಯ ಕಡ್ಡಿ, ಬಡಗಿಗೆ.

ವಿ. ಸೂ.: ಈ ಅರ್ಜಿಯನ್ನು ಅದೇ ಮೇಜಿನ ಮೇಲೆ ಬರೆಯಲಾಗಿದೆ. ಅಕ್ಷರ ಅಲ್ಲಲ್ಲಿ ಅಲುಗಾಡಿದ್ದರೆ ಅದು ಮೇಜಿನ ತಪ್ಪೆಂದು ಮೂರನೆಯ ಮುದ್ರಣದಲ್ಲಿ ಬರೆಯಬಾರದಾಗಿ ವಿನಂತಿ. ಮೇಜು ಗಟ್ಟಿಯಾಗಿ ನಿಂತಿದೆ.