ಹೊನ್ನಯ್ಯನ ಹಸಿರು ಗಿಡ

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಹೊನ್ನಯ್ಯನ ಮೊಬೈಲಿಗೆ ಒಂದು ಫೋಟೋ ಬಂತು. ಲೊಕ್ಕನಹಳ್ಳಿಯ ಗೆಳೆಯ ಮಾದೇಶ ಕಳಿಸಿದ್ದ. ನೆಲದಲ್ಲಿ ನೆಟ್ಟಗೆ ನಿಂತ ಒಂದು ಕಡ್ಡಿ, ಅದರ ಕೊರಳಿಗೆ ‘ಹೊನ್ನಯ್ಯ, ಕೊಳ್ಳೇಗಾಲ’ ಎಂದು ಬರೆದ ತಗಡು. ಔಷಧಕ್ಕೆ ಬೇಕೆಂದರೂ ಒಂದೆಲೆ ಇರಲಿಲ್ಲ.

“ಸತ್ತೆ!” ಎಂದ ಹೊನ್ನಯ್ಯ. ಗಿಡದ ವಿಚಾರ ಅಲ್ಲ, ತನ್ನ ವಿಚಾರ.

ಕೊಳ್ಳೇಗಾಲದ ಚಿಗುರು ಬಳಗದವರು ಭಾನುವಾರಗಳಲ್ಲಿ ಲೊಕ್ಕನಹಳ್ಳಿಯ ಕಾಡಂಚಿಗೆ ಹೋಗಿ, ಬೇರೆ ಯಾವ ಗಿಡವನ್ನೂ ಏಳಗೊಡದ ಲಂಟಾನದ ಪೊದೆ ಕಿತ್ತು, ಆ ಜಾಗದಲ್ಲಿ ಆ ಕಾಡಿನದೇ ಮರಗಳ ಸಸಿ ನೆಡುತ್ತಿದ್ದರು. ಮುಂದಾಳು ಶೃತಿ ಮೇಡಂ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವರು. ಹೊನ್ನಯ್ಯ ಬಳಗ ಸೇರಿದ್ದು ಕಾಡಿನ ಮೇಲಿನ ಮಮತೆಯಿಂದೇನಲ್ಲ. ಅಲ್ಲಿ ಮಾಡುತ್ತಿದ್ದ ಬಿಸಿ ಉಪ್ಪಿಟ್ಟಿನ ಮೇಲಿನ ಮಮತೆಯಿಂದ. ಆದರೆ ಉಪ್ಪಿಟ್ಟು ಒಂದು ತಟ್ಟೆ, ಲಂಟಾನ ಒಂದು ಕಾಡು! ಅದರ ಮುಳ್ಳು ತರಚಿದ ಬೆರಳಿನಿಂದ ಸೋಮವಾರ ಮಗ್ಗದ ಮೇಲಿನ ರೇಷ್ಮೆ ಮುಟ್ಟಿದರೆ ಸಾಕು, ಎಳೆ ಒರಟು ಚರ್ಮಕ್ಕೆ ಸಿಕ್ಕಿಕೊಂಡು ಪಟ್ಟನೆ ಕಿತ್ತುಹೋಗುತ್ತಿತ್ತು. ಸೀರೆ ಸಾಹುಕಾರರ ಬೈಗುಳ ತಿಂದು ತಿಂದು ಅವನಿಗೆ ಸಾಕಾಗಿತ್ತು.

ಬಿಡುಗಡೆಗೆ ಒಂದೇ ದಾರಿ. ಮಳೆಗಾಲದಲ್ಲಿ ನೆಟ್ಟ ಸಸಿ ಬೇಸಿಗೆಯಲ್ಲೂ ಬದುಕಿದ್ದರೆ ನೆಟ್ಟವನಿಗೆ ಲಂಟಾನ ಕೀಳುವುದರಿಂದ ಬಿಡುವು. ಸತ್ತಿದ್ದರೆ ಇನ್ನೊಂದು ವರ್ಷ ಕೀಳಬೇಕು. ಪರೀಕ್ಷೆ ಇವತ್ತೇ. ಹೊನ್ನಯ್ಯನಿಗೆ ಕೊಟ್ಟಿದ್ದದ್ದು ಹೊನ್ನೆ ಸಸಿ. ‘ಮದುವೆ ಸೀರೆ ಮಗ್ಗದ ಮೇಲದೆ’ ಎಂಬ ನೆಪ ಹೇಳಿ ಸಂಕ್ರಾಂತಿಯಿಂದೀಚೆಗೆ ಅವನು ಆ ಕಡೆ ತಲೆಯನ್ನೇ ಹಾಕಿರಲಿಲ್ಲ.

ಹೆಂಡತಿ ಚೌಡೇಶ್ವರಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಹಿತ್ತಲಿನ ಕುಂಡದಲ್ಲಿ ಅವಳ ಕರಿಬೇವಿನ ಗಿಡ ಮೈತುಂಬ ಹಸಿರು ಹೊತ್ತು ನಿಂತಿತ್ತು. ಗಂಡನಿಗೆ ಮಜ್ಜಿಗೆ ಇಲ್ಲದ ದಿನವೂ ಆ ಗಿಡಕ್ಕೆ ಇರುತ್ತಿತ್ತು. ಹೊನ್ನೆಗೂ ಕಡ್ಡಿಯ ಎರಡು ಮಗ್ಗುಲಿಗೆ ಎಲೆ, ಕರಿಬೇವಿಗೂ ಹಾಗೆಯೇ. ದೂರದಿಂದ ಯಾರಿಗೆ ಗೊತ್ತಾಗುತ್ತದೆ? ಹೊನ್ನಯ್ಯ ಬೇರುಸಮೇತ ಗಿಡ ಎಬ್ಬಿಸಿ, ಗೋಣಿಚೀಲಕ್ಕಿಳಿಸಿ, ಬಸ್ಸು ಹತ್ತಿದ.

ಚೀಲದಿಂದ ತಲೆ ಹೊರಗೆ ಹಾಕಿದ ಗಿಡ ಬಸ್ಸನ್ನೆಲ್ಲ ಘಮ್ಮೆನಿಸಿತು.

“ಅಣ್ಣೋ, ಕರ್ಬೇವಾ? ಒಂದೆರಡ್ ಎಸಳ್ ಕೊಡಪ್ಪ, ಉಪ್ಸಾರ್‌ಗೆ,” ಎಂದಳು ಪಕ್ಕದ ಸೀಟಿನ ಹೆಂಗಸು.

ಕಣ್ಣೆದುರಿಗಿರುವ ಕರಿಬೇವನ್ನು ಕೊಡುವುದಿಲ್ಲ ಅನ್ನುವಷ್ಟು ಕಲ್ಲೆದೆಯವರು ನಮ್ಮ ಕಡೆ ಹುಟ್ಟಿಲ್ಲ. ಹೊನ್ನಯ್ಯ ಕೊಟ್ಟ. ಅದನ್ನು ನೋಡಿ ಹಿಂದಿನವರು ಕೈ ಚಾಚಿದರು, ಅವರನ್ನು ನೋಡಿ ಮುಂದಿನವರು ಚಾಚಿದರು.

“ಚೀಲಕ್ಕೆ ಲಗೇಜ್ ಟಿಕೆಟ್ ಆಯ್ತದೆ ಸಾ,” ಎಂದ ಕಂಡಕ್ಟರು. ಆಮೇಲೆ ದನಿ ಇಳಿಸಿದ: “ಓಗ್ಲಿ ಬುಡಿ, ನಂಗೂ ಒಂದಿಡಿ ಕೊಡಿ.”

ಲೊಕ್ಕನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಗಿಡದ ನೆತ್ತಿಯಲ್ಲಿ ನಾಲ್ಕೇ ಎಸಳು ಉಳಿದಿದ್ದವು.

ಕಾಡಂಚಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಸಾಲಿನ ಅಷ್ಟೂ ಸಸಿಗಳು ಬೋಳು ಕಡ್ಡಿಗಳಾಗಿ ನಿಂತಿದ್ದವು. ಹೊನ್ನಯ್ಯನಿಗೆ ಕುಣಿಯುವಷ್ಟು ಖುಷಿಯಾಯಿತು. ಎಲ್ಲರದೂ ಸತ್ತಿವೆ, ಬದುಕಿರುವುದು ತನ್ನದೊಂದೇ! ಮೇಡಂ ಶಾಲು ಹೊದಿಸಿದರೂ ಹೊದಿಸಿಯಾರು ಎಂದುಕೊಂಡು ತನ್ನ ಕಡ್ಡಿಗೆ ಕೈ ಹಾಕಿದ. ಅದು ಬರಲೊಲ್ಲದು. ಸತ್ತದ್ದಕ್ಕೆ ಇಷ್ಟು ಹಟವೇ ಎಂದು ಬೈದು, ಎರಡು ಕೈಯಲ್ಲಿ ಜಗ್ಗಿ ಕಿತ್ತ. ಕರಿಬೇವು ನೆಟ್ಟು ತಗಡನ್ನು ಅದರ ಕೊರಳಿಗೆ ಕಟ್ಟಿದ.

ದನ ಹೊಡೆದುಕೊಂಡು ಬಂದ ಚಿಕ್ಕನಿಂಗಮ್ಮ ಅಲ್ಲೇ ನಿಂತಳು.

“ಆ ಕಡ್ಡಿ ಬುಸಾಕೀಯಾ ಅಣ್ಣ? ನಂಗಾರ ಕೊಡು, ಕರ ಮಾತೇ ಕೇಳಕಿಲ್ಲ.”

“ತಕ್ಕೋ ತಾಯಿ, ತಕ್ಕೋ!” ಸಾಕ್ಷಿ ತಾನಾಗಿಯೇ ತೊಲಗಿತಲ್ಲ ಎಂದು ಹೊನ್ನಯ್ಯ ಹಿಗ್ಗಿದ.

ಬಳಗ ಬಂತು. ಎಲ್ಲರಿಗಿಂತ ಮುಂದೆ ಶಿವಯ್ಯ, ಪಕ್ಕದ ಮನೆಯ ನೇಕಾರ, ಊರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡವನು.

“ನಿಂದು ಓಯ್ತಲ್ಲ ಶಿವಯ್ಯ, ಪಾಪ,” ಎಂದು ಹೊನ್ನಯ್ಯ ಲೊಚಗುಟ್ಟಿದ.

ಶೃತಿ ಮೇಡಂ ಬಗ್ಗಿ ಶಿವಯ್ಯನ ಕಡ್ಡಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ತೊಗಟೆಯ ಕೆಳಗೆ ಎಳೆ ಹಸಿರು ಇಣುಕಿತು.

“ಜೀವ ಇದೆ! ಶಿವಯ್ಯನವರು ಪಾಸು.”

ಹೊನ್ನಯ್ಯನೂ ಬಗ್ಗಿ ನೋಡಿದ. ಮೇಡಂ ಮುಂದಿನದನ್ನು ಕೆರೆದರು, ಹಸಿರು. ಅದರ ಮುಂದಿನದೂ ಹಸಿರು.

“ಎಲೆ... ಎಲೆ ಇಲ್ವಲ್ಲ ಮೇಡಂ?”

“ಬೇಸಿಗೆಯಲ್ಲಿ ಎಲೆ ಉದುರಿಸಿಯೇ ಅಲ್ವಾ ಇವು ಜೀವ ಹಿಡ್ಕೊಳ್ಳೋದು? ಸಂಕ್ರಾಂತಿ ಆದಮೇಲೆ ಎಲ್ಲರಿಗೂ ತೋರಿಸಿದ್ದೆ.”

“ಆಗ ಇವ್ರು ಮದ್ವೆ ಸೀರೆ ನೇಯ್ತಿದ್ರು ಮೇಡಂ,” ಎಂದ ಶಿವಯ್ಯ.

ಇಡೀ ಸಾಲಿಗೆ ಹಸಿರಾಗಿದ್ದ ಒಂದೇ ಒಂದು ಗಿಡದ ಮುಂದೆ ಮೇಡಂ ನಿಂತರು. ಒಂದೆಲೆ ಕಿತ್ತು ಮೂಸಿದರು.

“ಹೊನ್ನಯ್ಯನವರೇ, ನನಗೆ ಯಾಕೋ ಒಗ್ಗರಣೆ ನೆನಪಾಗ್ತಿದೆ.”

“ಈ ಮಣ್ಣಿನ್ ಗುಣಕ್ಕೆ ವಾಸ್ನೆ ಬದ್ಲಾಗಿರ್ಬೌದು ಮೇಡಂ.”

“ಹೊನ್ನೆ ಎಲ್ಲಿ?”

ಆ ಹೊತ್ತಿಗೆ ಸರಿಯಾಗಿ ಕರು ಸಾಲಿನೊಳಗೆ ನುಗ್ಗಿತು. ಹಿಂದೆಯೇ ಚಿಕ್ಕನಿಂಗಮ್ಮ ಕಡ್ಡಿ ಬೀಸುತ್ತ ಓಡಿಬಂದಳು. ಕಡ್ಡಿಯ ತುದಿಯಲ್ಲಿ ಬೇರು ನೇತಾಡುತ್ತಿತ್ತು.

“ಬೋ ಗಟ್ಟಿ ಕಡ್ಡಿ ಕಣವ್ವ,” ಎಂದಳು ಮೇಡಂಗೆ. “ಎಷ್ಟ್ ಬಗ್ಸುದ್ರೂವೆ ಮುರಿಯಕಿಲ್ಲ. ಈ ಅಣ್ಣನೇ ಕಿತ್ ಕೊಟ್ಟದ್ದು. ನೆಡೋರೂ ನೀವೆಯಾ, ಕೀಳೋರೂ ನೀವೆಯಾ, ನಮ್ಗೇನ್ ಗೊತ್ತು!”

ಮೇಡಂ ಅದನ್ನೂ ಕೆರೆದರು. ಸಾಲಿನ ಯಾವ ಗಿಡದಲ್ಲೂ ಅಷ್ಟು ಹಸಿರು ಇರಲಿಲ್ಲ. ಹೊನ್ನಯ್ಯ ಸುಮ್ಮನೆ ಮನೆಯಲ್ಲಿ ಮಲಗಿದ್ದರೂ ಗೆದ್ದಿರುತ್ತಿದ್ದ. ಇದು ತಿಳಿದಾಗ ಅವನಿಗೆ ನಿಜಕ್ಕೂ ಅಳು ಬಂತು.

ಮೇಡಂ ಹೊನ್ನೆಯನ್ನು ಅದರ ಗುಂಡಿಯಲ್ಲೇ ಮತ್ತೆ ನಿಲ್ಲಿಸಿ ನೀರು ಹೊಯ್ದರು. “ಬದುಕಿದರೂ ಬದುಕೀತು. ನೋಡಿಕೊಳ್ಳೋಕೆ ನೀವಂತೂ ಇನ್ನೊಂದು ವರ್ಷ ಲಂಟಾನ ಕೀಳೋದಕ್ಕೆ ಬರ್ತೀರಲ್ಲ,” ಎಂದರು. ಶಿವಯ್ಯ ಕರಿಬೇವಿನ ಕೊನೆಯ ಎಸಳುಗಳನ್ನು ಬಿಡಿಸಿ ಉಪ್ಪಿಟ್ಟಿನ ಒಗ್ಗರಣೆಗೆ ಹಾಕಿದ. ಅವತ್ತಿನ ಉಪ್ಪಿಟ್ಟು ಎಂದಿಗಿಂತ ರುಚಿಯಾಗಿತ್ತಂತೆ. ಹೊನ್ನಯ್ಯನ ತಟ್ಟೆ ಮಾತ್ರ ಹಾಗೇ ಉಳಿಯಿತು.

ವಾಪಸು ಬಸ್ಸಿನಲ್ಲಿ ಚೀಲದಿಂದ ಒಂದು ಬೋಳು ಕಡ್ಡಿ ಇಣುಕುತ್ತಿತ್ತು.

“ಒಣ್ಗೋಗಿರೋ ಕಡ್ಡೀನ ಯಾಕ್ ಸಾ ಒತ್ಕಂಡ್ ಓಯ್ತೀರಿ, ಕಿಟ್ಕೀಲಿ ಬುಸಾಕಿ,” ಎಂದ ಬೆಳಗಿನ ಅದೇ ಕಂಡಕ್ಟರು.

ಹೊನ್ನಯ್ಯ ಚೀಲವನ್ನು ಎದೆಗವಚಿಕೊಂಡ.

ಮನೆ ಬಾಗಿಲಲ್ಲಿ ಚೌಡೇಶ್ವರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಪಕ್ಕದಲ್ಲಿ ಖಾಲಿ ಕುಂಡ. ಅವಳ ಕಣ್ಣು ಕುಂಡದಿಂದ ಕಡ್ಡಿಗೆ, ಕಡ್ಡಿಯಿಂದ ಗಂಡನಿಗೆ ಹೋಯಿತು.

“ಸತ್ತಿಲ್ಲ ಕಣೇ ಇದು!” ಎಂದು ಹೊನ್ನಯ್ಯ ಅವತ್ತು ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ. “ಎಲೆ ಇಲ್ದಿದ್ರೂ ಒಳ್ಗೆ ಜೀವ ಇರ್ತದೆ. ಬೇಕಾದ್ರೆ ಉಗುರಲ್ಲಿ ಕೆರೆದ್ ನೋಡು.”

“ನೋಡ್ತೀನಿ,” ಎಂದಳು ಚೌಡೇಶ್ವರಿ, ಸೀರೆಯ ಸೆರಗು ಸಿಕ್ಕಿಸಿಕೊಳ್ಳುತ್ತ. “ಮೊದ್ಲು ನಿಮ್ಮನ್ನ ಕೆರೆದ್ ನೋಡ್ತೀನಿ, ಇತ್ಲಾಗ್ ಬನ್ನಿ.”